ಡಾಕ್ಟರಮ್ಮನ ಮನೆಗಾಡಿ

ಸೂಲಿಬೆಲೆ
23-1-1994, ಭಾನುವಾರ

ಚಿ. ಸೌ. ಅಕ್ಕಯಮ್ಮಳಿಗೆ ನಿನ್ನ ಗಂಡ ಚಿಕ್ಕಬೀರಪ್ಪ ಬರೆಯುವುದು.

ಮೈಕೈ ಹೇಗಿದೆ? ಚಳಿಗೆ ನಿನ್ನ ಎಡ ಮೊಣಕೈ ನೋವು ಮತ್ತೆ ಕಾಣಿಸಿಕೊಂಡಿತೋ, ಇಲ್ಲ ಊರೂರಿನ ನೀರು ಕುಡಿದ ಮೇಲೆ ಅದೂ ಬಿಟ್ಟುಹೋಯಿತೋ? ನಂದಿ ತಪ್ಪಲಿಗೆ ಬಂದಾಗಲೇ ಕೇಳಬೇಕೆಂದಿದ್ದೆ. ಅಲ್ಲಿ ನಾನು ಆಡಿದ್ದೇ ಬೇರೆ ಮಾತು. ಡಾಕ್ಟರಮ್ಮನವರ ಕಾಲಿನ ಊತ ಇಳಿದಿದೆಯಂತೆ, ಒಳ್ಳೆಯದಾಯಿತು. ಇಲ್ಲಿ ಅವ್ವ ಚೆನ್ನಾಗಿದ್ದಾಳೆ. ಬಿಸಿಲು ಬಂದ ಕಡೆಗೆ ಚಾಪೆ ಎಳೆದುಕೊಂಡು ಹೋಗಿ ಅವರೆಕಾಯಿ ಸುಲಿಯುತ್ತಾ ಕೂರುತ್ತಾಳೆ. ದಿವ್ಯ ಬೆಳಿಗ್ಗೆ ಹಾಲು ಕರೆದಿಟ್ಟು ಹೊಸಕೋಟೆಯ ಕಾಲೇಜಿಗೆ ಬಸ್ಸು ಹಿಡಿಯುತ್ತಾಳೆ. ಕೆಂದ ಹಸು ಅವಳಿಗೆ ಒಗ್ಗಿಕೊಂಡಿದೆ, ನನ್ನನ್ನು ಇನ್ನೂ ಒದೆಯುತ್ತದೆ. ಸಂಕ್ರಾಂತಿಗೆ ಅದರ ಕೊಂಬಿಗೆ ಬಣ್ಣ ಹಚ್ಚಲು ಹೋಗಿ ನನ್ನ ಪಂಚೆಗೇ ಹಚ್ಚಿಕೊಂಡೆ. ನೀನಿಲ್ಲದ ಮೊದಲ ಸಂಕ್ರಾಂತಿ. ಬೀದಿಯ ಹೆಂಗಸರೆಲ್ಲ ಎಳ್ಳು ಬೀರಲು ಬಂದವರು, 'ಅಕ್ಕಯಮ್ಮ ಇನ್ನೂ ಬರ್ನಿಲ್ವಾ' ಎಂದು ಕೇಳುತ್ತಾ ನನ್ನ ಮುಖ ನೋಡುತ್ತಿದ್ದರು. ಬರುತ್ತಾಳೆ, ಬರುತ್ತಾಳೆ ಎಂದು ಹೇಳಿ ಹೇಳಿ ನಾಲಿಗೆ ಸವೆಯಿತು.

ನೀನು ಹೊರಟಾಗ ಎಲ್ಲರಿಗಿಂತ ಮೊದಲು ಒಪ್ಪಿದವನು ನಾನೇ. ಅದನ್ನು ಮರೆಯಬೇಡ. ದ್ರಾಕ್ಷಿ ತೋಟದ ಮನೆಯಲ್ಲಿ ಇಷ್ಟು ವರ್ಷ ಡಾಕ್ಟರಮ್ಮನವರ ಅಡಿಗೆ, ಕಸಮುಸುರೆ ನೋಡಿಕೊಂಡವಳು ನೀನು. ಅವರ ಯಜಮಾನರು ತೀರಿಕೊಂಡ ಮೇಲೆ ಆ ತಾಯಿ ಊಟ ಬಿಟ್ಟು ಕೂತಾಗ ತುತ್ತು ತಿನ್ನಿಸಿದವಳೂ ನೀನೇ. ಅವರಿಬ್ಬರೂ ದೇಶ ನೋಡಬೇಕೆಂದು ಹೊಸಕೋಟೆಯ ಶೆಡ್ಡಿನಲ್ಲಿ ಕಟ್ಟಿಸಿದ ಗಾಡಿ, ಯಜಮಾನರು ಹೋದ ಮೇಲೆ ಟಾರ್ಪಾಲು ಹೊದ್ದು ನಿಂತಿತ್ತು. ಮಂಚ, ಒಲೆ, ನೀರಿನ ತೊಟ್ಟಿ, ಹಿಂಬದಿಯಲ್ಲಿ ಒಬ್ಬರು ನಿಲ್ಲುವಷ್ಟು ಜಾಗದಲ್ಲಿ ಕಕ್ಕಸು. ಮೊದಲ ಸಲ ನೋಡಿದಾಗ ನಾನೂ ಬಾಯಿ ಬಿಟ್ಟಿದ್ದೆ. 'ಒಬ್ಬಳೇ ಆದ್ರೂ ಹೋಗ್ಬರ್ತೀನಿ ಬೀರಪ್ಪ. ಲಕ್ಷ್ಮಯ್ಯ ಓಡಿಸ್ತಾನೆ. ಗಾಡಿ ಚೊಕ್ಕಟವಾಗಿ ಇಟ್ಕೊಳ್ಳೋಕೆ ಅಕ್ಕಯಮ್ಮನ್ನ ಕಳಿಸ್ಕೊಡ್ತೀಯಾ?' ಎಂದು ಡಾಕ್ಟರಮ್ಮ ಡೇರಿಯ ಬಾಗಿಲಿಗೇ ಬಂದು ಕೇಳಿದರು. ಹಾಲು ಹಾಕುವವರೆಲ್ಲ ಸಾಲಾಗಿ ನಿಂತಿದ್ದರು. ಹಾಲಿನ ಸಂಘದ ಕಾರ್ಯದರ್ಶಿ ಹೆಂಡತಿಯನ್ನು ಕಳಿಸಲು ಹಿಂದೆಮುಂದೆ ನೋಡಿದ ಎಂದು ಅನ್ನಿಸಿಕೊಳ್ಳಬಾರದಲ್ಲ. ಅದಕ್ಕೇನಂತೆ ತಾಯಿ, ಎಂದುಬಿಟ್ಟೆ. ನೀನೋ, ನಾನು ಹೂಂ ಅನ್ನುವುದನ್ನೇ ಕಾಯುತ್ತಿದ್ದವಳ ಹಾಗೆ ಅವತ್ತೇ ಸಂಜೆ ಸೀರೆಗಳನ್ನು ಮಡಿಸತೊಡಗಿದೆ. ದೀಪಾವಳಿ ಕಳೆದ ಮೇಲೆ ಹೊರಟವಳು, ಅವರೆಕಾಯಿ ಬರುವ ಹೊತ್ತಿಗೆ ಮನೆಯಲ್ಲಿರುತ್ತೇನೆ ಅಂದಿದ್ದೆ. ಈಗ ಅವರೆಕಾಯಿಯೇ ಮುಗಿಯುತ್ತಾ ಬಂತು.

ನೀನು ಕಾಗದ ಬರೆಯಲಿಲ್ಲ ಎಂದು ದೂರಲಾರೆ. ತಪ್ಪದೇ ಬರೆದೆ. ಆದರೆ ಎಲ್ಲವೂ ಗಾಡಿಯ ಸಮಾಚಾರವೇ. ಕುಂದಾಪುರದ ಹತ್ತಿರ ಸಮುದ್ರದ ಪಕ್ಕದಲ್ಲೇ ತಂಗಿದಾಗ ಮರಳು ಹಾಸಿಗೆಯವರೆಗೂ ಬಂತು, ಅದಕ್ಕೆ ಮೆಟ್ಟಿಲ ಕೆಳಗೆ ಒದ್ದೆ ಗೋಣಿತಾಟು ಹಾಸಿ ಒಂದು ಬೋಗುಣಿ ನೀರಿಟ್ಟೆ, ಡಾಕ್ಟರಮ್ಮನೂ ಕಾಲು ಅದ್ದದೆ ಒಳಗೆ ಬರುವಂತಿಲ್ಲ ಎಂದು ಬರೆದೆ. ಘಾಟಿ ಇಳಿಯುವಾಗ ಮೊಸರಿನ ಪಾತ್ರೆ ಉರುಳಿ ಮಂಚದಡಿ ಹರಿದು, ನಾತ ಹೋಗದೆ, ನಿಂಬೆಹಣ್ಣು ಉಪ್ಪು ಹಾಕಿ ಉಜ್ಜಿ ಉಜ್ಜಿ ಉಗುರು ಸವೆದ ಕಥೆ ಬರೆದೆ. ಮುಸುರೆಯನ್ನು ಮೊದಲು ಹಳೇ ಪೇಪರಿನಲ್ಲಿ ಒರೆಸಿಬಿಟ್ಟರೆ ಅರ್ಧ ಚೊಂಬು ನೀರಲ್ಲಿ ಎಲ್ಲ ಪಾತ್ರೆ ಬೆಳಗುತ್ತವೆ ಎಂದು ಬರೆದೆ. ನೆಲ ಒರೆಸುವ ಬಟ್ಟೆ ಬೇರೆ, ಒಲೆ ಒರೆಸುವ ಬಟ್ಟೆ ಬೇರೆ, ಎರಡಕ್ಕೂ ಬೇರೆ ಬೇರೆ ಮೊಳೆ. ಹೊಸ ಊರಿನ ಪ್ರವಾಸಿ ಬಂಗಲೆಯ ಅಂಗಳ ಸೇರಿದ ಕೂಡಲೇ ಹಾಸಿಗೆಯನ್ನು ಬೇಲಿಯ ಮೇಲೆ ಹರವಿ, ಮಂಜು ಬೀಳುವ ಮೊದಲು ಒಳಕ್ಕೆ. ಓದುತ್ತಾ ಓದುತ್ತಾ ನನಗೆ ಆ ಗಾಡಿಯ ಮೂಲೆಮೂಲೆಯೂ ಬಾಯಿಪಾಠವಾಯಿತು. ಅಷ್ಟು ಉದ್ದದ ಕಾಗದದಲ್ಲಿ ನಿಮ್ಮನ್ನು ನೆನೆಸಿಕೊಂಡೆ ಅನ್ನುವ ಒಂದು ಸಾಲನ್ನು ಹುಡುಕಿದೆ. ಇರಲಿಲ್ಲ. ಸಮುದ್ರ ಹೇಗಿತ್ತು ಎಂದೂ ಬರೆಯಲಿಲ್ಲ. ನಿನ್ನ ಕಾಗದಗಳಿಂದ ನನಗೆ ಗೊತ್ತಾದದ್ದು, ಸಮುದ್ರವೆಂದರೆ ಗುಡಿಸಿದಷ್ಟೂ ಬರುವ ಮರಳು ಎಂದು.

ಅದೂ ಹೋಗಲಿ. ಸಾಲಿಗೊಮ್ಮೆ ಲಕ್ಷ್ಮಯ್ಯ ಬರುತ್ತಾನೆ. ಲಕ್ಷ್ಮಯ್ಯ ಬಾವಿಯಿಂದ ನೀರು ಸೇದಿ ತೊಟ್ಟಿ ತುಂಬಿಸಿದ, ಲಕ್ಷ್ಮಯ್ಯ ಬ್ಲೀಚಿಂಗ್ ಪೌಡರ್ ಹಾಕಿ ತೊಟ್ಟಿ ತೊಳೆದ, ಲಕ್ಷ್ಮಯ್ಯ ಈಗ ಹೇಳದೆಯೇ ಚಪ್ಪಲಿ ಹೊರಗೆ ಬಿಡುತ್ತಾನೆ, ನನ್ನನ್ನು ಬಾಯ್ತುಂಬ ಅಕ್ಕಾ ಅನ್ನುತ್ತಾನೆ. ನಿನ್ನ ಹೆಸರಿನಲ್ಲೇ ಅಕ್ಕ ಇದ್ದಾಳೆ. ಊರಿಗೆಲ್ಲ ನೀನು ಅಕ್ಕ. ಹಾಗೆ ಕರೆಯಲು ಬಾರದವನು ಈ ಭೂಮಿಯ ಮೇಲೆ ನಾನೊಬ್ಬನೇ. ಇಷ್ಟು ವರ್ಷ ಲೇ, ಇವಳೇ, ದಿವ್ಯನವ್ವ ಎಂದುಕೊಂಡೇ ಕಾಲ ಹಾಕಿದೆ. ಎಲ್ಲಿಂದಲೋ ಬಂದ ಡ್ರೈವರ್ ನಿನ್ನ ಅರ್ಧ ಹೆಸರನ್ನು ಎಷ್ಟು ಸಲೀಸಾಗಿ ಎತ್ತಿಕೊಂಡುಬಿಟ್ಟ. ಅವನ ಹೆಸರು ಬಂದಾಗಲೆಲ್ಲ ನಾನು ಕಾಗದವನ್ನು ಮಡಿಸಿ ಜೇಬಿಗಿಟ್ಟು, ಹಾಲಿನ ಕ್ಯಾನುಗಳನ್ನು ಒಂದು ಸುತ್ತು ನೋಡಿ ಬಂದು, ಮತ್ತೆ ಬಿಡಿಸಿ ಓದುತ್ತಿದ್ದೆ.

ಚಿತ್ರದುರ್ಗ ಮುಗಿಸಿ ನಂದಿ ತಪ್ಪಲಿಗೆ ಬರುತ್ತೇವೆ, ಅಲ್ಲಿಂದ ಮನೆಗೆ ಬಂದು ಹೋಗುತ್ತೇನೆ ಎಂದು ನೀನು ಬರೆದಾಗ ಅವ್ವ ಹಿದುಕಿದ ಬೇಳೆಗೆ ಕಾಳು ನೆನೆಹಾಕಿದಳು. ದಿವ್ಯ ಮನೆಯನ್ನೆಲ್ಲ ಸಾರಿಸಿದಳು. ನಾನು ಕ್ಷೌರ ಮಾಡಿಸಿಕೊಂಡೆ. ನೀನು ಬರಲಿಲ್ಲ. ಡಾಕ್ಟರಮ್ಮನ ಕಾಲು ಊದಿಕೊಂಡಿದೆ, ಬಿಟ್ಟು ಬರಲು ಆಗುವುದಿಲ್ಲ ಎಂದು ದೇವನಹಳ್ಳಿಯ ಬಸ್ಸಿನ ಕಂಡಕ್ಟರ್ ಕೈಲಿ ಹೇಳಿಕಳಿಸಿದೆ. ಅವ್ವ ಸಾರನ್ನು ಕ್ಯಾರಿಯರಿಗೆ ತುಂಬಿ ನನ್ನ ಕೈಗೆ ಕೊಟ್ಟಳು. 'ಓಗು, ನೀನೇ ಓಗಿ ಮಾತಾಡುಸ್ಕಂಡ್ ಬಾ' ಅಂದಳು. ನಾನು ಟಿವಿಎಸ್ ಹತ್ತಿ ಹೊರಟಾಗ ನಿಜವಾಗಿಯೂ ಮಾತಾಡಿಸಲೆಂದೇ ಹೊರಟದ್ದು. ದೇವನಹಳ್ಳಿ ದಾಟುವಷ್ಟರಲ್ಲಿ, ಇವತ್ತು ಹಿಂದೆ ಕೂರಿಸಿಕೊಂಡೇ ಬರಬೇಕು ಎಂದು ಮನಸ್ಸು ತಿರುಗಿತ್ತು.

ಮುಂದಿನದು ನಿನಗೆ ಗೊತ್ತಿರುವುದೇ. ಆದರೆ ನೀನು ನೋಡಿದ್ದು ಮೆಟ್ಟಿಲ ಮೇಲಿನಿಂದ. ನಾನು ಕೆಳಗಿನಿಂದ ನೋಡಿದ್ದನ್ನು ಕೇಳು. ಬಂಗಲೆಯ ಮಾವಿನ ಮರದ ಕೆಳಗೆ ಗಾಡಿ ನಿಂತಿತ್ತು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನೀನೂ ಲಕ್ಷ್ಮಯ್ಯನೂ ಹಾಸಿಗೆಯನ್ನು ಆ ಕಡೆ ಈ ಕಡೆ ಹಿಡಿದು ಒದರುತ್ತಿದ್ದಿರಿ. ಧೂಳಿಗೆ ಅವನು ಸೀನಿದ, ನೀನು ನಕ್ಕೆ. ತಲೆಯ ಮೇಲೆ ಸೆರಗಿರಲಿಲ್ಲ, ಸೊಂಟಕ್ಕೆ ಸಿಕ್ಕಿಸಿದ್ದೆ. ನಮ್ಮ ಹಟ್ಟಿಯಲ್ಲಿ ನೀನು ಹಾಗೆ ನಕ್ಕದ್ದನ್ನು ನಾನು ನೋಡಿದ ನೆನಪಿಲ್ಲ. ನನ್ನನ್ನು ಕಂಡು ಓಡಿಬಂದೆ, ನಿಜ. ಮುಖ ಅರಳಿತ್ತು, ಅದೂ ನಿಜ. ಆದರೆ ಮೊದಲು ಆಡಿದ ಮಾತು 'ಚಪ್ಪಲಿ ಅಲ್ಲೇ ಬುಟ್ಟು ಕಾಲ್ ತೊಳ್ಕೊಂಡ್ ಅತ್ತಿ'. ನಾನು ಕ್ಯಾರಿಯರಿನ ಮುಚ್ಚಳಕ್ಕೆ ಕೈ ಹಾಕಿದರೆ, 'ಅಯ್ಯೋ, ಒಳಗೆ ಬಿಚ್ಬೇಡಿ. ಅವರೆಕಾಯ್ ಸೊಗಡು ಪರದೆಗೆ ಇಡ್ಕಂಡ್ರೆ ವಾರ ಆದ್ರೂ ಓಗಲ್ಲ' ಅಂದೆ. ಸೊಗಡಿಗಾಗಿಯೇ ಜನ ಅವರೆಕಾಯಿ ತಿನ್ನುತ್ತಾರೆ. ಅವ್ವ ಬೆರಳು ನೋಯುವಷ್ಟು ಹಿದುಕಿದ ಕಾಳು ಅದು. ನಾನು ಒಳಗೆ ಕೂತು ಎದ್ದ ಜಾಗವನ್ನು ನೀನು ಮಾತಾಡುತ್ತಲೇ ಬಟ್ಟೆಯಿಂದ ಒರೆಸಿದೆ. ನಿನ್ನ ಕೈಗೆ ಅದು ಅಭ್ಯಾಸವಾಗಿದೆ, ನಿನಗೇ ಗೊತ್ತಿಲ್ಲದೆ ಒರೆಸಿದೆ ಎಂದು ಈಗ ಅನ್ನಿಸುತ್ತದೆ. ಅವತ್ತು ಅನ್ನಿಸಲಿಲ್ಲ.

ಮರದ ಕೆಳಗೆ ಚಾಪೆ ಹಾಸಿ ಊಟಕ್ಕೆ ಕೂತೆವು. ಡಾಕ್ಟರಮ್ಮ ಎರಡನೇ ಸಲ ಹಾಕಿಸಿಕೊಂಡರು. ಲಕ್ಷ್ಮಯ್ಯ, 'ಅಕ್ಕಾ, ನೀನೂ ಇಂಥಾ ಸಾರು ಮಾಡ್ತೀಯ ಅಂತ ಏಳ್ನೇ ಇಲ್ವಲ್ಲ' ಎಂದು ತಟ್ಟೆ ಬಳಿದ. ಅವನು ಬಳಿದ ಶಬ್ದ ನನ್ನ ಕಿವಿಯಲ್ಲಿ ಇನ್ನೂ ಇದೆ. ಊಟವಾದ ಮೇಲೆ ನೀವಿಬ್ಬರೂ ಎದ್ದು ಗಾಡಿಯ ಹಿಂದಕ್ಕೆ ಹೋಗಿ ಕಕ್ಕಸಿನ ಕೆಳಗಿನ ಪೆಟ್ಟಿಗೆಯನ್ನು ಎಳೆದಿರಿ. ಒಂದು ಹಿಡಿ ನಿನ್ನ ಕೈಲಿ, ಒಂದು ಹಿಡಿ ಅವನ ಕೈಲಿ. ಬಂಗಲೆಯ ಪಾಯಿಖಾನೆಯವರೆಗೆ ಒಂದು ಹನಿ ತುಳುಕದಂತೆ ನಡೆದಿರಿ. ಒಬ್ಬರಿಗೊಬ್ಬರು ನಿಧಾನ ಅನ್ನಲಿಲ್ಲ, ಇತ್ತ ಬಾ ಅತ್ತ ಹೋಗು ಅನ್ನಲಿಲ್ಲ. ಕಲ್ಲು ಅಡ್ಡ ಬಂದಾಗ ಇಬ್ಬರೂ ಒಟ್ಟಿಗೇ ಸರಿದಿರಿ. ಇಪ್ಪತ್ತು ವರ್ಷ ಸಂಸಾರ ಮಾಡಿದವರು ಹಾಗೆ ನಡೆಯುತ್ತಾರೆ. ನನಗೆ ತಡೆಯಲಾಗಲಿಲ್ಲ. ಏನು ಹೊತ್ತಿದ್ದೀರಿ ಅನ್ನುವುದು ಆಮೇಲೆ ಹೊಳೆದ ನೆಪ. ನನ್ನ ಕಣ್ಣು ಕುಕ್ಕಿದ್ದು ಆ ನಡಿಗೆ.

'ಕಂಡೋರ ಕಕ್ಕಸು ಒರೋಕಾ ನಿನ್ನ ಕಳಿಸಿದ್ದು? ಬಾ, ಟಿವಿಎಸ್ ಅತ್ತು' ಎಂದು ಕೂಗಿದೆ. ಊಟ ಮುಗಿಸಿ ಗಾಡಿಯೊಳಗೆ ಹೋಗಿದ್ದ ಡಾಕ್ಟರಮ್ಮ ಕಿಟಕಿಯ ಪರದೆ ಎಳೆದುಕೊಂಡರು. ಲಕ್ಷ್ಮಯ್ಯ ತಲೆ ತಗ್ಗಿಸಿ ನಿಂತ. ನೀನು ಮಾತ್ರ ಪೆಟ್ಟಿಗೆ ತೊಳೆದು, ಕೈಗೆ ಸೋಪು ಹಾಕಿ ತೊಳೆದು, ಸೆರಗಲ್ಲಿ ಒರೆಸಿಕೊಂಡು ನನ್ನ ಹತ್ತಿರ ಬಂದು ನಿಂತು ಮೆತ್ತಗೆ ಹೇಳಿದೆ: 'ನಿಮ್ಮಪ್ಪ ಆಸಿಗೆ ಇಡ್ದಾಗ ನಾನು ಎತ್ತಿದ್ದು ಯಾರ್ದು? ಆವಾಗ ನೀವು ಡೇರೀಲಿ ಇರ್ತಿದ್ರಿ. ಇಲ್ಲಿ ಆ ಕಡೆ ಇಡ್ಕಳ್ಳಾಕೆ ಇನ್ನೊಬ್ರು ಅವ್ರೆ.' ಅಷ್ಟೇ. ಬಯ್ದಿದ್ದರೆ ನಾನೂ ಬಯ್ಯುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ನೀನು ಬಯ್ಯಲಿಲ್ಲ. ನಾನು ಕ್ಯಾರಿಯರನ್ನೂ ಅಲ್ಲೇ ಬಿಟ್ಟು ಟಿವಿಎಸ್ ತಿರುಗಿಸಿದೆ. ದೇವನಹಳ್ಳಿಯಲ್ಲಿ ಪೆಟ್ರೋಲು ಹಾಕಿಸುವಾಗ ಹುಡುಗ ಎಷ್ಟು ಹಾಕಲಿ ಅಂದದ್ದೂ ಕೇಳಿಸಲಿಲ್ಲ.

ಮನೆಗೆ ಬಂದು ನಾನು ಮಾಡಿದ ಮೊದಲ ಕೆಲಸವನ್ನು ದಿವ್ಯ ನಿನಗೆ ಹೇಗೂ ಹೇಳುತ್ತಾಳೆ, ನಾನೇ ಹೇಳಿಬಿಡುತ್ತೇನೆ. 'ಅಜ್ಜಿಗೆ ಉಷಾರಿಲ್ಲ, ತಕ್ಷಣ ಹೊರಟು ಬಾ' ಎಂದು ನಿನಗೆ ಒಂದು ಕಾರ್ಡು ಬರೆಯೆಂದು ಅವಳಿಗೆ ಹೇಳಿದೆ. ನನ್ನ ಅಕ್ಷರ ನೋಡಿದರೆ ನಿನಗೆ ಅನುಮಾನ ಬರುತ್ತದೆಂದು. ಅವಳು ಪುಸ್ತಕದಿಂದ ತಲೆ ಎತ್ತಲಿಲ್ಲ. 'ನಾನು ಬರಿಯಲ್ಲಪ್ಪ. ಅಜ್ಜಿ ಅಲ್ಲಿ ಕೂತ್ಕೊಂಡು ಎಲೆ ಅಡಿಕೆ ಹಾಕ್ಕೊಳ್ತಾವ್ರೆ' ಅಂದಳು. ಅವ್ವನಿಗೆ ಕಿವಿ ಮಂದ ಅನ್ನುತ್ತೀಯಲ್ಲ, ಇದು ಮಾತ್ರ ಕೇಳಿಸಿತು. 'ನನ್ನ ಯಾಕೋ ಸಾಯಿಸ್ತೀಯ? ಎಂಡ್ತಿ ಮ್ಯಾಲೆ ಒಟ್ಟೆಕಿಚ್ಚಿದ್ರೆ ಅಂಗಂತ ಬರಿ' ಅಂದಳು. ಆಮೇಲೆ ಅವ್ವ ತಾನೇ ನಕ್ಕಳು.

ಡೇರಿಯಲ್ಲಿ ಪಿಳ್ಳಪ್ಪನಿದ್ದಾನಲ್ಲ, ದಿನಾ ಎರಡು ಹೊತ್ತು ಅವನೂ ನಾನೂ ತುಂಬಿದ ಕ್ಯಾನನ್ನು ಆಚೀಚೆ ಹಿಡಿದು ಲಾರಿಗೆ ಏರಿಸುತ್ತೇವೆ. ಮೊನ್ನೆ ಬೆಳಿಗ್ಗೆ ಏರಿಸುವಾಗ ನನ್ನ ಕಾಲು ತಾನಾಗಿ ಅವನ ಕಾಲಿಗೆ ಸರಿಯಾಗಿ ಬೀಳುತ್ತಿದ್ದುದನ್ನು ನೋಡಿದೆ. ತೂಕ ಹಂಚಿಕೊಂಡವರ ಹೆಜ್ಜೆ ಹಾಗೇ ಕೂಡಿಬಿಡುತ್ತದೆ, ಅದರಲ್ಲಿ ಬೇರೇನೂ ಇಲ್ಲ. ಪಿಳ್ಳಪ್ಪನಿಗೂ ನನಗೂ ಮಾತು ಬಿಟ್ಟು ಒಂದು ವರ್ಷವಾಯಿತು, ಬದುವಿನ ಜಗಳ ನಿನಗೆ ಗೊತ್ತಲ್ಲ, ಆದರೂ ಒಂದು ಹನಿ ಹಾಲು ಚೆಲ್ಲಿಲ್ಲ. ಅವತ್ತಿಗೆ ನನ್ನ ಅನುಮಾನ ಹೋಯಿತು. ಹೊಟ್ಟೆಕಿಚ್ಚು ಹೋಗಲಿಲ್ಲ. ಅನುಮಾನ ಹೋದ ಮೇಲೆ ಅದು ಇನ್ನೂ ಹೆಚ್ಚಾಯಿತು. ಗೊಬ್ಬರದ ಮಂಕರಿಯಾಗಲಿ ಹುಲ್ಲಿನ ಹೊರೆಯಾಗಲಿ, ನೀನು ಒಬ್ಬಳೇ ಎತ್ತುತ್ತಿದ್ದೆ, ನಾನು ಒಬ್ಬನೇ ಎತ್ತುತ್ತಿದ್ದೆ. ನಾವಿಬ್ಬರೂ ಒಟ್ಟಿಗೆ ಒಂದನ್ನು ಹಿಡಿದು ನಡೆದದ್ದು ಯಾವಾಗ ಎಂದು ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ನಿನಗೆ ನೆನಪಿದ್ದರೆ ತಿಳಿಸು.

ಆಮೇಲೆ ನಿನ್ನೆ ಲಕ್ಷ್ಮಯ್ಯ ಬಂದಿದ್ದ. ನೀವು ಬೆಂಗಳೂರಿನಲ್ಲಿ ಡಾಕ್ಟರಮ್ಮನ ತಂಗಿಯ ಮನೆಯಲ್ಲಿ ಉಳಿದಿರುವುದನ್ನೂ, ನಾಳೆ ಶಿವನಸಮುದ್ರಕ್ಕೆ ಹೊರಡುವುದನ್ನೂ ಅವನೇ ಹೇಳಿದ. ನೀರಿನ ತೊಟ್ಟಿ ಸೋರುತ್ತದೆಂದು ಹೊಸಕೋಟೆಯ ಶೆಡ್ಡಿಗೆ ತಂದವನು, ಕ್ಯಾರಿಯರ್ ಕೊಟ್ಟುಹೋಗಲು ಇಲ್ಲಿಯವರೆಗೆ ಬಂದ. ನಾನು ಬಾ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ಹಾಲು ಅಳೆಯುತ್ತಲೇ ಇದ್ದೆ. ಅವನು ಮುಗಿಯುವವರೆಗೂ ಕಟ್ಟೆಯ ಮೇಲೆ ಕೂತಿದ್ದು, ಆಮೇಲೆ ಹೇಳಿದ: 'ಅಣ್ಣಾ, ಅಕ್ಕ ಅವತ್ತಿಂದ ಸರ್ಯಾಗಿ ಮಾತಾಡ್ತಿಲ್ಲ. ತೊಳ್ದಿದ್ದ ಪಾತ್ರೆನೇ ತೊಳೀತವ್ಳೆ. ಒರ್ಸಿದ್ ನೆಲಾನೇ ಒರುಸ್ತವ್ಳೆ. ಡಾಕ್ಟರಮ್ಮ ಬ್ಯಾಡ ಬುಡವ್ವ ಅಂದ್ರೂ ಕೇಳಲ್ಲ.' ನಾನು, ಅವಳಿಗೆ ಮೊದಲಿಂದಲೂ ಚೊಕ್ಕಟ ಜಾಸ್ತಿ, ಅಂದೆ. 'ಅದಲ್ಲಣ್ಣ' ಅಂದ. ಕಾಲ ಹೆಬ್ಬೆರಳಿನಿಂದ ನೆಲ ಕೆರೆಯುತ್ತಾ, 'ನೆಲಮಂಗಲದಲ್ಲಿ ನಮ್ಮನೆಯೋಳೂ ಇಂಗೇ. ಮನೇಲಿ ಒಂದ್ ಲೋಟ ಎತ್ತಿಕ್ಕಲ್ಲ, ಅಲ್ಲಿ ಡಾಕ್ಟರಮ್ಮನ ಗಾಡಿಗೆ ಬಕೀಟು ಒರ್ತೀಯ ಅಂತ ಓದಾಗೆಲ್ಲ ಜಗಳ ತೆಗೀತಾಳೆ. ಅವ್ಳು ಏಳೋದೂ ಸುಳ್ಳಲ್ಲ' ಅಂದ. ನನಗೆ ನಗು ಬಂತು. ತಡೆದುಕೊಂಡೆ. ನೆಲಮಂಗಲದಲ್ಲಿ ನನ್ನ ಹಾಗೆ ಉರಿಯುತ್ತಿರುವ ಇನ್ನೊಂದು ಜೀವ ಇದೆ ಅಂದುಕೊಂಡರೆ ಹೊಟ್ಟೆಗೆ ಸ್ವಲ್ಪ ತಂಪಾಯಿತು. ಅವನಿಗೆ ಒಂದು ಲೋಟ ಬಿಸಿ ಹಾಲು ಕೊಟ್ಟೆ. ಕುಡಿದು ಲೋಟವನ್ನು ತಾನೇ ತೊಳೆದಿಟ್ಟ. ಅದನ್ನು ನೀನೇ ಕಲಿಸಿರಬೇಕು.

ಈ ಕಾಗದವನ್ನು ಅವನ ಕೈಲೇ ಕಳಿಸಬಹುದಿತ್ತು. ಬರೆಯುವ ಧೈರ್ಯ ಅಷ್ಟರಲ್ಲಿ ಬಂದಿರಲಿಲ್ಲ, ಬಂದಿದ್ದರೂ ಕೊಡುತ್ತಿರಲಿಲ್ಲ. ನಿನ್ನ ಕೈಗೆ ನನ್ನ ಕಾಗದವನ್ನೂ ಅವನೇ ಕೊಡುವುದು ಬೇಡ. ಶಿವನಸಮುದ್ರದ ಬಂಗಲೆ ನೋಡಿಕೊಳ್ಳುವ ಮೇಟಿಯ ವಿಳಾಸಕ್ಕೆ ಹಾಕುತ್ತಿದ್ದೇನೆ, ಟಪಾಲಿನವನ ಕೈಯಿಂದಲೇ ನಿನಗೆ ಸೇರಲಿ.

ನಿನ್ನನ್ನು ಬಾ ಎಂದು ಕರೆಯಲು ಇದನ್ನು ಬರೆಯುತ್ತಿಲ್ಲ. ಮೊದಲೆರಡು ಹಾಳೆ ಅದಕ್ಕೇ ಬರೆದೆ, ಹರಿದು ಹಾಕಿದೆ. ನೀನು ಒಪ್ಪಿಕೊಂಡ ಕೆಲಸ ಮುಗಿಸು. ಡಾಕ್ಟರಮ್ಮನ ಹತ್ತಿರ ನಾನು ಕೂಗಾಡಿದ್ದಕ್ಕೆ ತಪ್ಪಾಯಿತು ಎಂದು ನಾನೇ ಹೇಳಬೇಕು, ನಿನ್ನ ಬಾಯಲ್ಲಿ ಹೇಳಿಸುವುದಿಲ್ಲ. ಲಕ್ಷ್ಮಯ್ಯನ ಮೇಲೆ ಹಗೆಯಿಲ್ಲ. ಆದರೆ ನೀನು ಕಂಡದ್ದನ್ನೆಲ್ಲ ಪಕ್ಕದಲ್ಲಿ ನಿಂತು ಕಂಡವನು ಅವನು ಎಂಬುದನ್ನು ನುಂಗಿಕೊಳ್ಳಲು ನನಗೆ ಇನ್ನೂ ಸ್ವಲ್ಪ ದಿನ ಬೇಕು. ಇನ್ನು ಮುಂದೆ ಬರೆಯುವಾಗ ಗಾಡಿ ಒರೆಸಿದ್ದು ಸ್ವಲ್ಪ ಕಡಿಮೆ ಮಾಡಿ, ಒರೆಸಿ ಮುಗಿದ ಮೇಲೆ ಮೆಟ್ಟಿಲ ಮೇಲೆ ಕೂತು ಏನು ನೋಡಿದೆ ಅನ್ನುವುದನ್ನೂ ಬರೆ. ಚಳಿಯಲ್ಲಿ ತಣ್ಣೀರಿಗೆ ಹೆಚ್ಚು ಕೈ ಹಾಕಬೇಡ. ಡಾಕ್ಟರಮ್ಮನವರಿಗೆ ನನ್ನ ನಮಸ್ಕಾರ. ಅವ್ವ ನಿನಗೆ ಆಶೀರ್ವಾದ ಹೇಳಿದ್ದಾಳೆ, ದಿವ್ಯ ಬೇರೆ ಕಾಗದ ಬರೆಯುತ್ತಾಳಂತೆ. ಬೀರೇದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ,
ಚಿಕ್ಕಬೀರಪ್ಪ

ಮರೆತ ಮಾತು: ಬರುವ ಶನಿವಾರದಿಂದ ಸಂಘಕ್ಕೆ ರಜೆ ಬರೆದುಕೊಟ್ಟಿದ್ದೇನೆ. ಪಿಳ್ಳಪ್ಪನ ಹತ್ತಿರ ನಾನೇ ಹೋಗಿ ಮಾತಾಡಿದೆ, ಎರಡು ಹೊತ್ತಿನ ಹಾಲು ಅವನು ನೋಡಿಕೊಳ್ಳುತ್ತಾನೆ. ಶಿವನಸಮುದ್ರಕ್ಕೆ ಬಸ್ಸು ಹಿಡಿದು ಬರಬೇಕೆಂದಿದ್ದೇನೆ. ನಿನ್ನನ್ನು ಕರೆತರಲಿಕ್ಕಲ್ಲ. ನೀವಿರುವಷ್ಟು ದಿನ ನಾನೂ ಬಂಗಲೆಯ ಜಗಲಿಯಲ್ಲಿ ಬಿದ್ದುಕೊಂಡಿರುತ್ತೇನೆ, ಕಂಬಳಿ ನಾನೇ ತರುತ್ತೇನೆ, ನಿನಗೆ ಹೊರೆಯಾಗುವುದಿಲ್ಲ. ನಿನಗೆ ಬೇಡ ಅನ್ನಿಸಿದರೆ ಡೇರಿಯ ವಿಳಾಸಕ್ಕೆ ಒಂದು ಕಾರ್ಡು ಹಾಕು, ಮನೆಯವರಿಗೆ ಕಾಣುವುದು ಬೇಡ, ನಾನು ಯಾರಿಗೂ ಹೇಳುವುದಿಲ್ಲ. ಶುಕ್ರವಾರದ ಟಪಾಲಿನವರೆಗೂ ಏನೂ ಬರದಿದ್ದರೆ ನೀನು ಬಾ ಅಂದೆ ಎಂದು ತಿಳಿದು ಹೊರಡುತ್ತೇನೆ.